ಅಡಿಕೆಗೆ ಕನಿಷ್ಠ ಆಮದು ಬೆಲೆಯ ಕಾವಲು ಬೇಕೆ?

ಕಿಲೋಗೆ 351 ರೂಪಾಯಿಗಿಂತ ಅಗ್ಗದ ಅಡಿಕೆ ಹೊರದೇಶದಿಂದ ಭಾರತಕ್ಕೆ ಬರುವಂತಿಲ್ಲ. 2017ರಲ್ಲಿ 251 ರೂಪಾಯಿ ಆಗಿದ್ದ ಈ ಕನಿಷ್ಠ ಆಮದು ಬೆಲೆಯನ್ನು ಕೇಂದ್ರ ಸರ್ಕಾರ 2023ರ ಫೆಬ್ರುವರಿಯಲ್ಲಿ ಏರಿಸಿತು. ಇದರ ಜೊತೆಗೆ ಶೇ 100ರಷ್ಟು ಆಮದು ಸುಂಕವೂ ಇದೆ. ಇಷ್ಟು ಸಾಲದು, ಮಿತಿಯನ್ನು ಇನ್ನೂ ಏರಿಸಿ ಎಂಬುದು ಬೆಳೆಗಾರರ ಬೇಡಿಕೆ. ಸರ್ಕಾರ ಬೆಲೆಯ ತಂಟೆಗೆ ಹೋಗಲೇಬಾರದು ಎಂಬುದು ಮುಕ್ತ ಮಾರುಕಟ್ಟೆಯ ಪರ ಇರುವವರ ನಿಲುವು. ಎರಡೂ ವಾದಗಳು ಇಲ್ಲಿವೆ.

ಪರ: ತೋಟಕ್ಕೆ ಓಡಿಹೋಗುವ ದಾರಿಯಿಲ್ಲ

ಬೆಲೆ ಇಳಿದರೆ ಬೇರೆ ಬೆಳೆಗೆ ಹೊರಳಿ ಎನ್ನುವುದು ಸುಲಭ. ಜೋಳ, ಸೂರ್ಯಕಾಂತಿ ಬಿತ್ತುವವರಿಗೆ ಮುಂದಿನ ಹಂಗಾಮಿನಲ್ಲಿ ಅದು ಸಾಧ್ಯವಾದರೂ ಆಗಬಹುದು. ಅಡಿಕೆ ಸಸಿ ಸಿಂಗಾರ ಬಿಡಲು ಐದಾರು ವರ್ಷ ಬೇಕು. ತುಂಬು ಫಸಲು ಕೊಡಲು ಇನ್ನೂ ಹಲವು ವರ್ಷ. ಅಷ್ಟು ಕಾಲ ಸಾಲ ಮಾಡಿ, ಮಣ್ಣು ಹೊತ್ತು, ನೀರು ಕಟ್ಟಿ ಬೆಳೆಸಿದ ಮರವನ್ನು ಒಂದು ವರ್ಷದ ಬೆಲೆ ನೋಡಿ ಕಡಿಯಲಾಗದು. ಹಡಗಿನಲ್ಲಿ ಸರಕು ತರಿಸುವ ವ್ಯಾಪಾರಿ ಒಂದು ವಾರದಲ್ಲಿ ದೇಶ ಬದಲಿಸುತ್ತಾನೆ, ದಲಾಲಿ ಮಂಡಿ ಬದಲಿಸುತ್ತಾನೆ. ಎರಡು ಎಕರೆ ತೋಟದವರು ಎಲ್ಲಿಗೆ ಹೋಗಬೇಕು? ಹೀಗೆ ಕದಲಲಾಗದವರನ್ನೂ ಕ್ಷಣದಲ್ಲಿ ಕದಲಬಲ್ಲವರನ್ನೂ ಒಂದೇ ಕಣಕ್ಕಿಳಿಸಿದರೆ ಅದು ಸಮಬಲದ ಪೈಪೋಟಿ ಆಗುವುದಿಲ್ಲ.

ಅಡಿಕೆಯ ಬೆಲೆ ತೋಟದ ಯಜಮಾನರಿಗೆ ಮಾತ್ರ ಸಂಬಂಧಿಸಿದ್ದೂ ಅಲ್ಲ. ಮಳೆಯ ನಡುವೆ ಜಾರುವ ಮರ ಹತ್ತಿ ಬೋರ್ಡೋ ದ್ರಾವಣ ಹೊಡೆಯುವವರು, ಕೊಯ್ಲಿನಲ್ಲಿ ಕೊನೆ ಇಳಿಸುವ ಕೊನೆಗೌಡರು, ಹೊತ್ತು ಮುಳುಗಿದ ಮೇಲೂ ಸುಲಿಯುತ್ತ ಕೂರುವ ಹೆಂಗಸರು, ಬೇಯಿಸಿ ಒಣಗಿಸುವವರು ಎಲ್ಲರ ಕೂಲಿಯೂ ಅದರಲ್ಲಿದೆ. ಬೆಲೆ ಬಿದ್ದ ವರ್ಷ ಮೊದಲು ನಿಲ್ಲುವುದು ಈ ಕೆಲಸಗಳೇ. ಎರಡನೇ ಸಲದ ಔಷಧಿ ತಪ್ಪುತ್ತದೆ, ಕೊಳೆರೋಗ ಹಬ್ಬುತ್ತದೆ, ಆ ವರ್ಷದ ಫಸಲೇ ನೆಲಕ್ಕೆ ಉದುರುತ್ತದೆ. ಮಂಡಿಯಲ್ಲಿ ಬೆಲೆ ಚೇತರಿಸಿಕೊಂಡಾಗ ಮಾರಲು ತೋಟದಲ್ಲಿ ಅಡಿಕೆ ಇರುವುದಿಲ್ಲ.

ಶೇ 100ರ ಸುಂಕ ಇರುವಾಗ ಕನಿಷ್ಠ ಬೆಲೆ ಏಕೆ ಎಂದು ಕೇಳುವವರು ನಮ್ಮ ವ್ಯಾಪಾರ ಒಪ್ಪಂದಗಳನ್ನು ನೋಡಬೇಕು. ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದ 2006ರಲ್ಲಿ ಜಾರಿಗೆ ಬಂತು. ಅದರಡಿ ನೇಪಾಳ, ಬಾಂಗ್ಲಾದೇಶಗಳ ಸರಕಿಗೆ ದೊಡ್ಡ ರಿಯಾಯಿತಿ ಇದೆ. ಶ್ರೀಲಂಕಾ ಜೊತೆ ಪ್ರತ್ಯೇಕ ಒಪ್ಪಂದವಿದೆ. ಇಂಡೊನೇಷ್ಯಾದಲ್ಲೋ ಮ್ಯಾನ್ಮಾರ್‌ನಲ್ಲೋ ಬೆಳೆದ ಅಡಿಕೆ ಈ ದೇಶಗಳ ಹೆಸರು ಹೊತ್ತು ಬಂದರೆ ಸುಂಕದ ಗೋಡೆ ಇದ್ದೂ ಇಲ್ಲದಂತೆ. ಆ ಬಾಗಿಲಿಗೆ ಹಾಕಿದ ಚಿಲಕವೇ ಕನಿಷ್ಠ ಆಮದು ಬೆಲೆ. ಸುಂಕ ಇಲ್ಲದಿದ್ದರೂ ನಿಗದಿತ ಬೆಲೆಗಿಂತ ಅಗ್ಗದ ಮಾಲು ಒಳಬರುವಂತಿಲ್ಲ.

ರೈತರು ಒಗ್ಗೂಡಿದರೆ ಸಾಕು, ಸರ್ಕಾರ ಬೇಡ ಎಂಬ ವಾದವೂ ಇದೆ. ಒಗ್ಗಟ್ಟಿನ ಬಲ ಅಡಿಕೆ ಬೆಳೆಗಾರರಿಗೆ ಗೊತ್ತಿಲ್ಲದ್ದಲ್ಲ. 1970ರ ದಶಕದ ಆರಂಭದಲ್ಲಿ ಬೆಲೆ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಘ ಹುಟ್ಟಿತು. ಶಿರಸಿಯ ತೋಟಗಾರ್ಸ್ ಸೊಸೈಟಿ, ಶಿವಮೊಗ್ಗದ ಮ್ಯಾಮ್ಕೋಸ್‌ಗಳೂ ಬೆಳೆಗಾರರ ಬೆನ್ನಿಗಿವೆ. ಮಂಡಿಯ ದಲಾಲಿಯನ್ನು ಸಹಕಾರಿ ಸಂಘ ಎದುರಿಸಬಲ್ಲದು. ಬಂದರಿನಲ್ಲಿ, ಗಡಿ ಠಾಣೆಯಲ್ಲಿ ನಿಂತು ಹಡಗು, ಲಾರಿ ತಡೆಯುವ ಅಧಿಕಾರ ಅದಕ್ಕಿಲ್ಲ. ಆ ಕೆಲಸ ಸರ್ಕಾರದ್ದೇ.

ಮಾರುಕಟ್ಟೆ ತಾನಾಗಿ ಎಲ್ಲವನ್ನೂ ಸರಿಪಡಿಸುತ್ತದೆ ಎನ್ನುವವರು ಕಾಫಿಯ ಅನುಭವವನ್ನು ನೆನೆಯಲಿ. 1990ರ ದಶಕದಲ್ಲಿ ಕಾಫಿ ಮಂಡಳಿಯ ಹಿಡಿತ ಸಡಿಲಿದಾಗ ಒಳ್ಳೆಯ ಬೆಲೆ ಬಂತು, ನಿಜ. ಆದರೆ 2001ರ ಹೊತ್ತಿಗೆ ವಿಯೆಟ್ನಾಂ, ಬ್ರೆಜಿಲ್‌ಗಳ ಕಾಫಿ ಉಕ್ಕಿ ಜಗತ್ತಿನ ಬೆಲೆ ನೆಲಕಚ್ಚಿತು. ಕೊಡಗು, ಚಿಕ್ಕಮಗಳೂರು, ಹಾಸನದ ಸಣ್ಣ ಬೆಳೆಗಾರರು ಸಾಲದಲ್ಲಿ ಮುಳುಗಿ, ಕೊನೆಗೆ ಪರಿಹಾರಕ್ಕಾಗಿ ಸರ್ಕಾರದ ಕಡೆಗೇ ನೋಡಬೇಕಾಯಿತು. ಬಿದ್ದ ಮೇಲೆ ಎತ್ತುವುದಕ್ಕಿಂತ ಬೀಳದಂತೆ ತಡೆಯುವುದು ಅಗ್ಗ. ಅದರಲ್ಲಿ ಬೆಳೆಗಾರರ ಮಾನವೂ ಉಳಿಯುತ್ತದೆ.

ವಿರೋಧ: ಅಧಿಸೂಚನೆ ನಂಬಿ ತೋಟ ಎಬ್ಬಿಸಬೇಡಿ

ಅಡಿಕೆ ಮರ ಕದಲುವುದಿಲ್ಲ, ಬೆಳೆಗಾರರು ಸುಲಭವಾಗಿ ಬೆಳೆ ಬದಲಿಸಲಾರರು. ಇದು ನಿಜ. ಸರ್ಕಾರದ ಬೆಲೆ ಕಾವಲು ಅಪಾಯಕಾರಿ ಎನ್ನಲು ಕಾರಣವೂ ಇದೇ. ಮರ ನಾಲ್ಕೈದು ದಶಕ ಬಾಳುತ್ತದೆ. ಕನಿಷ್ಠ ಆಮದು ಬೆಲೆಯ ಅಧಿಸೂಚನೆ ದೆಹಲಿಯ ಒಂದು ಸಹಿಯಿಂದ ಹುಟ್ಟಿ, ಇನ್ನೊಂದು ಸಹಿಯಿಂದ ಸಾಯುತ್ತದೆ. ನಾಳೆ ಇರುತ್ತದೋ ಇಲ್ಲವೋ ತಿಳಿಯದ ಆಸರೆಯನ್ನು ನೆಚ್ಚಿ ಅರ್ಧ ಶತಮಾನದ ಬಂಡವಾಳ ಹೂಡಿಸುವುದು ರಕ್ಷಣೆ ಹೇಗಾದೀತು?

ಲೆಕ್ಕ ನೋಡೋಣ. ಪೂರ್ಣ ಸುಂಕ ಕಟ್ಟಿ ತರುವ ಪ್ರಾಮಾಣಿಕ ಆಮದುದಾರನಿಗೆ 351ರ ಮೇಲೆ ಇನ್ನೊಂದು 351 ಸೇರಿ ಕಿಲೋಗೆ ಕನಿಷ್ಠ 702 ರೂಪಾಯಿ ಬೀಳುತ್ತದೆ. ಅವನು ಈ ವ್ಯಾಪಾರದತ್ತ ತಲೆ ಹಾಕುವುದಿಲ್ಲ. ಸುಂಕ ರಿಯಾಯಿತಿಯ ದಾರಿಯಲ್ಲಿ ಬರುವವನು ಇನ್‌ವಾಯ್ಸ್‌ನಲ್ಲಿ 351 ಎಂದು ಬರೆಸಿದರೆ ಮುಗಿಯಿತು; ನಿಜವಾಗಿ ಕೊಟ್ಟದ್ದು ಅದರ ಅರ್ಧವೇ ಇದ್ದರೂ ಕಾಗದ ಸರಿಯಾಗಿರುತ್ತದೆ. ಇನ್ನು ಈಶಾನ್ಯದ ಕಾಡುದಾರಿಯಲ್ಲಿ ಕದ್ದು ತರುವವನು ಯಾವ ಅಧಿಸೂಚನೆಯನ್ನೂ ಓದುವುದಿಲ್ಲ. ಒಳಗಿನ ಬೆಲೆಗೂ ಹೊರಗಿನ ಬೆಲೆಗೂ ಅಂತರ ಹಿಗ್ಗಿದಷ್ಟೂ ಅವನ ಲಾಭ ಹಿಗ್ಗುತ್ತದೆ. ನಿರ್ಬಂಧ ಬಿಗಿಯಾದಷ್ಟೂ ಕಾನೂನು ಪಾಲಿಸುವವರು ಹಿಂದೆ ಸರಿದು, ಮುರಿಯುವವರು ಕೊಬ್ಬುತ್ತಾರೆ. ಹಸಿ ಅಡಿಕೆಗೆ, ಒಣ ಅಡಿಕೆಗೆ ತಡೆ ಹಾಕಿದಾಗ ‘ಹುರಿದ ಅಡಿಕೆ’ ಎಂಬ ಬೇರೆ ಶೀರ್ಷಿಕೆಯಲ್ಲಿ ಮಾಲು ಬರತೊಡಗಿತು. 2025ರ ಏಪ್ರಿಲ್‌ನಲ್ಲಿ ಅದಕ್ಕೂ 351ರ ಮಿತಿ ಹೇರಬೇಕಾಯಿತು. ಅತ್ತ ಸರ್ಕಾರವೇ 2022ರಲ್ಲಿ ಭೂತಾನ್‌ನಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು ಒಪ್ಪಿತು. ನೆರೆಯ ದೇಶದ ಸ್ನೇಹ ಬೇಕಾದಾಗ ಬೆಳೆಗಾರರ ರಕ್ಷಣೆ ಹಿಂದೆ ಸರಿಯುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ದೊಡ್ಡ ಹಾನಿ ಆಗುತ್ತಿರುವುದು ನಮ್ಮ ನೆಲದಲ್ಲೇ. ಮಲೆನಾಡು, ಕರಾವಳಿಯ ಕಣಿವೆಗಳಲ್ಲಿದ್ದ ಅಡಿಕೆ ಇಂದು ಬಯಲುಸೀಮೆಯಲ್ಲೆಲ್ಲ ಹಬ್ಬಿದೆ. ಭದ್ರಾ ಕಾಲುವೆಯ ಭತ್ತದ ಗದ್ದೆಗಳು ತೋಟಗಳಾಗಿವೆ. ಚಿತ್ರದುರ್ಗದ ಕಡೆ ಆಳದ ಕೊಳವೆಬಾವಿಯ ನೀರೆತ್ತಿ ಅಡಿಕೆ ಬೆಳೆಯಲಾಗುತ್ತಿದೆ. ಬೆಲೆ ಬೀಳಲು ಸರ್ಕಾರ ಬಿಡದು ಎಂಬ ನಂಬಿಕೆಗೂ ಇದರಲ್ಲಿ ಪಾಲಿದೆ. ಈ ತೋಟಗಳೆಲ್ಲ ಒಟ್ಟಿಗೆ ಫಸಲಿಗೆ ಬಂದಾಗ ಶಿರಸಿ, ತೀರ್ಥಹಳ್ಳಿ, ಸುಳ್ಯದ ಸಣ್ಣ ಬೆಳೆಗಾರರನ್ನು ಮುಳುಗಿಸುವುದು ಇಂಡೊನೇಷ್ಯಾದ ಅಡಿಕೆಯಲ್ಲ, ಪಕ್ಕದ ಜಿಲ್ಲೆಯ ಅಡಿಕೆ. ಅದನ್ನು ಯಾವ ಬಂದರಿನಲ್ಲಿ ತಡೆಯುತ್ತೀರಿ? ಬೇಡಿಕೆಯ ಕಡೆಯ ಹೊಡೆತವೂ ಹಾಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದಿತು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ತಿನ್ನುವವರು ಕಡಿಮೆಯಾದರೆ ಆಮದು ನಿರ್ಬಂಧ ಏನೂ ಮಾಡಲಾರದು.

ಬೆಲೆಯ ಮೇಲೆ ಸರ್ಕಾರಕ್ಕೆ ಅಧಿಕಾರ ಕೊಟ್ಟರೆ ಅದು ಎರಡೂ ಕಡೆ ಬೀಸುತ್ತದೆ. ಅಡಿಕೆಯ ಆಮದು ತಡೆದ ಸರ್ಕಾರವೇ 2023ರ ಆಗಸ್ಟ್‌ನಲ್ಲಿ ಈರುಳ್ಳಿ ರಫ್ತಿಗೆ ಶೇ 40 ಸುಂಕ ಹಾಕಿತು, ಡಿಸೆಂಬರ್‌ನಲ್ಲಿ ರಫ್ತನ್ನೇ ನಿಷೇಧಿಸಿತು. ಹೊರದೇಶಕ್ಕೆಂದೇ ಬೆಳೆಯುವ ಚಿಕ್ಕಬಳ್ಳಾಪುರ, ಕೋಲಾರದ ಗುಲಾಬಿ ಈರುಳ್ಳಿಯ ರೈತರು ಸುಂಕ ವಿನಾಯಿತಿಗಾಗಿ ಮೊರೆಯಿಡಬೇಕಾಯಿತು. ಒಂದು ಬೆಳೆಗೆ ರಕ್ಷಣೆ ಎಂದು ಕೊಟ್ಟ ಅಧಿಕಾರವೇ ಇನ್ನೊಂದು ಬೆಳೆಗೆ ಸಂಕೋಲೆಯಾಯಿತು. ಅಂತರರಾಷ್ಟ್ರೀಯ ನಿಯಮದ ನೆಲೆಯೂ ಗಟ್ಟಿಯಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದದ 4.2ನೇ ವಿಧಿಯ ಅಡಿಟಿಪ್ಪಣಿ, ಸದಸ್ಯ ದೇಶಗಳು ಇಟ್ಟುಕೊಳ್ಳಬಾರದ ಕ್ರಮಗಳ ಪಟ್ಟಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಹೆಸರಿಸಿಯೇ ಹೇಳಿದೆ.

ಕಾಫಿಯ ಕಥೆಯನ್ನು 2001ರಿಂದ ಶುರುಮಾಡುವುದು ನ್ಯಾಯವಲ್ಲ. 1942ರ ಕಾಫಿ ಕಾಯ್ದೆಯಡಿ ಬೆಳೆಗಾರರು ತಮ್ಮ ಕಾಫಿಯನ್ನು ಮಂಡಳಿಯ ಪೂಲ್‌ಗೆ ಒಪ್ಪಿಸಿ, ಕಂತುಕಂತಾಗಿ ಬರುವ ಹಣಕ್ಕೆ ಕಾದು ಕೂರಬೇಕಿತ್ತು. ತಾವು ಬೆಳೆದದ್ದನ್ನು ತಾವು ಬಯಸಿದವರಿಗೆ ಮಾರುವ ಹಕ್ಕು ಪೂರ್ತಿಯಾಗಿ ಸಿಕ್ಕಿದ್ದು 1996ರಲ್ಲಿ. ನಡುವೆ ಬೆಲೆ ಬಿದ್ದದ್ದು ನಿಜ, ಸಂಕಟವೂ ನಿಜ. ಹಾಗಿದ್ದರೂ ಪೂಲ್ ವ್ಯವಸ್ಥೆ ಮರಳಿ ಬರಲಿಲ್ಲ. ಬೆಲೆ ಏರಿದ ವರ್ಷಗಳಲ್ಲಿ ಅದರ ಲಾಭ ಬೆಳೆಗಾರರ ಕೈಗೇ ನೇರ ಬಂದಿದೆ.

ಹಾಗಾದರೆ ಸರ್ಕಾರಕ್ಕೆ ಕೆಲಸವಿಲ್ಲವೆ? ಇದೆ. ಸುಳ್ಳು ಮೂಲ ಪ್ರಮಾಣಪತ್ರ ಹಿಡಿಯುವುದು, ಕಳ್ಳಸಾಗಣೆ ತಡೆಯುವುದು ಕಾನೂನಿನ ಕೆಲಸ. 2020ರಲ್ಲಿ ಬಂದ ಮೂಲ ದೇಶ ಪರಿಶೀಲನೆಯ ನಿಯಮಗಳು ಅದಕ್ಕಾಗಿಯೇ ಇವೆ. ಎಲೆಚುಕ್ಕೆ, ಹಳದಿ ಎಲೆ ರೋಗಕ್ಕೆ ಮದ್ದು ಹುಡುಕುವ ವಿಟ್ಲದ ಸಂಶೋಧನಾ ಕೇಂದ್ರಕ್ಕೆ ಹಣ ಬೇಕು. ಬೆಳೆ ವಿಮೆ ಹೊತ್ತಿಗೆ ಸರಿಯಾಗಿ ಕೈಸೇರಬೇಕು. ಮರ ಹತ್ತುವವರಿಗೆ ಅಪಘಾತ ವಿಮೆ ಬೇಕು. ಬೆಲೆ ಕಾಯುವ ಅಧಿಸೂಚನೆಯ ಯಾವ ಸಾಲಿನಲ್ಲೂ ಅವರ ಸುದ್ದಿಯಿಲ್ಲ. ಉಳಿದದ್ದನ್ನು ಬೆಳೆಗಾರರು ಮಾಡಬಲ್ಲರು. ಕ್ಯಾಂಪ್ಕೊ ಸ್ವತಃ ಮಾರುಕಟ್ಟೆಗಿಳಿದು ಖರೀದಿಸಿ ಬೆಲೆ ಎತ್ತಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಕಟ್ಟಿ ತೋಟದ ಕೋಕೋಗೂ ಗಿರಾಕಿ ಒದಗಿಸಿತು. ಅಡಿಕೆ ನಾಡಿನ ಸಣ್ಣ ಬೆಳೆಗಾರರಿಗೆ ಬೇಕಾದದ್ದು ಇಂಥ ಹತ್ತು ದಾರಿಗಳು. ಮುಂದಿನ ಅಧಿಸೂಚನೆಯ ಅಂಕಿ 351 ಇರಲಿ, 500 ಇರಲಿ, ಅದು ಈ ಕೆಲಸವನ್ನು ಮುಂದೂಡುತ್ತದೆ ಅಷ್ಟೆ.