ಸೂರಿಗೂ ಬೇಕು ಹೊದಿಕೆ

ಏಪ್ರಿಲ್ ಬಂತೆಂದರೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲಿನ ಮುಂದೆ ದುಡಿಮೆಯ ವೇಳೆ ಬದಲಾಗಲೇಬೇಕೆಂದು ಸರ್ಕಾರವೇ ಒಪ್ಪಿದ ಏರ್ಪಾಡು ಇದು, ಸರಿಯಾದದ್ದೇ. ಆದರೆ ಕಚೇರಿ ಬಿಟ್ಟವರು ಹೋಗಿ ಸೇರುವುದು ಎಲ್ಲಿಗೆ? ಆಗಲೇ ಕಾದಿರುವ, ಸಂಜೆಯ ಹೊತ್ತಿಗೆ ಇನ್ನಷ್ಟು ಕಾಯುವ, ನಡುರಾತ್ರಿಯವರೆಗೂ ಕಾವು ಕಾರುವ ಆರ್‌ಸಿಸಿ ಚಾವಣಿಯ ಕೆಳಗೆ. ಹೊರಗಿನ ಬಿಸಿಲಿನಿಂದ ಜನರನ್ನು ಕಾಪಾಡುವ ಮಾತು ಎಲ್ಲರೂ ಆಡುತ್ತೇವೆ, ಮನೆಯೊಳಗಿನ ಧಗೆಯ ಬಗ್ಗೆ ಮಾತ್ರ ಮೌನ. ಚಾವಣಿಗೆ ಶಾಖನಿರೋಧಕ ಹೊದಿಸುವುದು ಉಳ್ಳವರ ಹೆಚ್ಚುವರಿ ಸೌಕರ್ಯ ಎಂಬ ಭಾವನೆಯನ್ನು ನಾವು ಬಿಡಬೇಕು. ಅಡಿಪಾಯ, ಗೋಡೆ, ಕಿಟಕಿಗಳಂತೆ ಅದೂ ಮನೆಯ ಒಂದು ಅಂಗ. ಕಟ್ಟಡ ನಿಯಮಗಳೂ ವಸತಿ ಯೋಜನೆಗಳೂ ಅದನ್ನು ಹಾಗೆಯೇ ಕಾಣಬೇಕು.

ಗೋಡೆಗಿಂತ ಚಾವಣಿಗೇ ಯಾಕೆ ಇಷ್ಟು ಮಹತ್ವ? ಉತ್ತರ ನಮ್ಮ ಅಕ್ಷಾಂಶದಲ್ಲಿದೆ. ಕರ್ನಾಟಕದ ಯಾವ ಊರೇ ಆಗಲಿ, ವರ್ಷಕ್ಕೆ ಎರಡು ಬಾರಿ ಸೂರ್ಯ ನಡುಮಧ್ಯಾಹ್ನ ನೇರ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಮೊದಲ ಸರದಿ ಏಪ್ರಿಲ್ ಕೊನೆಯ ವಾರ, ಕಲಬುರಗಿಯಲ್ಲಿ ಮೇ ಎರಡನೇ ವಾರ. ಅಂದರೆ ಬೇಸಿಗೆ ಬಿರುಸಾಗಿರುವಾಗಲೇ ಮಧ್ಯಾಹ್ನದ ಬಿಸಿಲು ಗೋಡೆಗಳನ್ನು ಸವರಿಕೊಂಡು ಜಾರಿ, ಪೂರ್ತಿ ಭಾರ ಚಾವಣಿಯ ಮೇಲೆ ಬೀಳುತ್ತದೆ. ತಿಳಿಯಾದ ಆಕಾಶವಿದ್ದರೆ ಒಂದು ಚದರ ಮೀಟರ್ ಮೇಲೆ ಹತ್ತಿರ ಹತ್ತಿರ ಒಂದು ಕಿಲೋವಾಟ್ ಶಕ್ತಿ. 800 ಚದರಡಿಯ ತಾರಸಿಗೆ ಲೆಕ್ಕ ಹಾಕಿದರೆ 70 ಕಿಲೋವಾಟ್ ಆಸುಪಾಸು. ಬರಿಯ ಕಾಂಕ್ರೀಟು ಇದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೀರಿಕೊಳ್ಳುತ್ತದೆ. ತಾರಸಿಯ ಮೇಲ್ಮೈ 60 ಡಿಗ್ರಿಗೆ ಕಾದು, ಕೋಣೆಯೊಳಗಿನ ಗಾಳಿ 35 ಡಿಗ್ರಿ ಇದೆಯೆಂದಿಟ್ಟುಕೊಳ್ಳಿ. ಐದು ಇಂಚಿನ ಸ್ಲ್ಯಾಬಿನ ಮೂಲಕ ಒಳಗಿಳಿಯುವ ಶಾಖ, ಸ್ಥೂಲ ಲೆಕ್ಕದಲ್ಲಿ, ಏಳು ಕಿಲೋವಾಟ್‌ನಷ್ಟು. ಒಂದೂವರೆ ಟನ್ನಿನ ಎಸಿ ಹೊರಹಾಕಬಲ್ಲದ್ದು ಐದೂಕಾಲು ಕಿಲೋವಾಟ್. ತಲೆಯ ಮೇಲೆ ದೊಡ್ಡದೊಂದು ಕಾವಲಿಯನ್ನು ಕಾಯಲು ಬಿಟ್ಟು ಕೆಳಗೆ ತಂಪು ಹುಡುಕುವ ಕೆಲಸ ಇದು.

ಈ ಕಾವು ಕೂಡಲೇ ಇಳಿಯುವುದೂ ಇಲ್ಲ. ಕಾಂಕ್ರೀಟಿಗೆ ಶಾಖವನ್ನು ಹಿಡಿದಿಡುವ ಗುಣವಿರುವುದರಿಂದ ಮಧ್ಯಾಹ್ನ ಹೀರಿದ್ದು ಮೂರು ನಾಲ್ಕು ಗಂಟೆ ತಡವಾಗಿ ಒಳಬದಿಗೆ ಮುಟ್ಟುತ್ತದೆ. ಹೊರಗೆ ತಂಗಾಳಿ ಬೀಸತೊಡಗಿದ ಮೇಲೂ ಮಲಗುವ ಕೋಣೆ ತಣಿಯದಿರುವುದಕ್ಕೆ ಕಾರಣ ಇದೇ. ನಮ್ಮ ಮೈಗೆ ತಾಗುವ ಸೆಕೆ ಗಾಳಿಯ ಉಷ್ಣಾಂಶವೊಂದರಿಂದಲೇ ಬರುವುದಿಲ್ಲ. ಸುತ್ತಲಿನ ಮೇಲ್ಮೈಗಳು ಸೂಸುವ ಶಾಖವೂ ಅದರಲ್ಲಿ ಸಮಪಾಲು. ಚಾವಣಿಯ ಒಳಮೈ ನಮ್ಮ ಚರ್ಮಕ್ಕಿಂತ ಬಿಸಿಯಾಗಿದ್ದರೆ ಅದು ನಮ್ಮನ್ನು ಕಾಯಿಸುತ್ತಲೇ ಇರುತ್ತದೆ. ಫ್ಯಾನು ಗಾಳಿಯನ್ನು ತಣಿಸುವ ಯಂತ್ರವಲ್ಲ, ಬೆವರು ಆರಲು ನೆರವಾಗುವ ಯಂತ್ರ. ಗಾಳಿ 40 ಡಿಗ್ರಿ ದಾಟಿದಾಗ ಫ್ಯಾನು ಮೈಯನ್ನು ಇನ್ನಷ್ಟು ಬಿಸಿ ಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸಿದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ 40 ಡಿಗ್ರಿ ಅಪರೂಪದ ಅಂಕಿಯಲ್ಲ. ಆಗ ಹೆಚ್ಚು ಬೇಯುವವರು ದಿನವಿಡೀ ಮನೆಯಲ್ಲೇ ಇರಬೇಕಾದವರು: ಬಾಣಂತಿಯರು, ಹಸುಳೆಗಳು, ಹಾಸಿಗೆ ಹಿಡಿದ ಹಿರಿಯರು, ಒಲೆಯ ಮುಂದೆ ನಿಂತ ಹೆಂಗಸರು.

ಹಳಬರು ಈ ಸಮಸ್ಯೆಯನ್ನು ಬಲ್ಲವರಾಗಿದ್ದರು. ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ತೊಲೆ, ಜಂತೆಗಳ ಮೇಲೆ ದಪ್ಪನೆಯ ಮಣ್ಣಿನ ಪದರವಿರುತ್ತಿತ್ತು. ಕರಾವಳಿ, ಮಲೆನಾಡಿನ ಹೆಂಚಿನ ಮನೆಗಳಲ್ಲಿ ಮಾಡಿಗೂ ಕೋಣೆಗೂ ನಡುವೆ ಹಲಗೆ ಹೊದಿಸಿದ ಅಟ್ಟವಿತ್ತು. ಹೆಂಚಿನ ಸಂದಿಗಳಿಂದ ಬಿಸಿಗಾಳಿ ಹೊರಗೆ ಹೋಗುತ್ತಿತ್ತು. ತಾರಸಿ ಮನೆಗಳು ಬಂದ ಹೊಸತರಲ್ಲೂ ಇಟ್ಟಿಗೆ ಚೂರು, ಸುಣ್ಣದ ಗಾರೆಯ ಪದರ ಹಾಕುವ ರೂಢಿಯಿತ್ತು. ಮಣ್ಣಿನ ಮಾಳಿಗೆ ಸೋರುತ್ತಿತ್ತು, ವರ್ಷವರ್ಷ ದುರಸ್ತಿ ಬೇಡುತ್ತಿತ್ತು. ಅದನ್ನು ಬಿಟ್ಟು ಆರ್‌ಸಿಸಿಗೆ ಹೋದದ್ದು ತಪ್ಪಲ್ಲ. ಆದರೆ ಗಟ್ಟಿತನವನ್ನು ಪಡೆಯುವ ಭರದಲ್ಲಿ, ಹಳೆಯ ಚಾವಣಿ ಸದ್ದಿಲ್ಲದೆ ಮಾಡುತ್ತಿದ್ದ ಶಾಖ ತಡೆಯುವ ಕೆಲಸವನ್ನು ಯಾರಿಗೂ ವಹಿಸದೆ ಬಿಟ್ಟೆವು. ತಗಡು, ಸಿಮೆಂಟ್ ಶೀಟಿನ ಮನೆಗಳಲ್ಲಂತೂ ಬಿಸಿಲಿಗೂ ನೆತ್ತಿಗೂ ನಡುವೆ ಇರುವುದು ಕೆಲವೇ ಮಿಲಿಮೀಟರ್.

ಚಾವಣಿಗೆ ಹೊದಿಕೆ ಹಾಕುವುದು ಬೇರೆಡೆ ರೂಢಿಯಲ್ಲಿದೆ. ಅಮೆರಿಕದಲ್ಲಿ ಇಳಿಜಾರು ಚಾವಣಿಯ ಮನೆಗಳ ಅಟ್ಟಕ್ಕೆ ದಪ್ಪ ಕೊಳವೆ ಹಾಯಿಸಿ, ಯಂತ್ರದ ಗಾಳಿಯೊತ್ತಡದಿಂದ ಗಾಜಿನ ನಾರನ್ನೋ ಸೆಲ್ಯುಲೋಸನ್ನೋ ಒಂದಡಿಗೂ ಹೆಚ್ಚು ದಪ್ಪಕ್ಕೆ ತುಂಬುತ್ತಾರೆ. ಈ ಸೆಲ್ಯುಲೋಸಿನ ಮೂಲ ಬಹುಪಾಲು ರದ್ದಿ ಪತ್ರಿಕೆ. ಬೆಂಕಿ, ಹುಳು ತಾಗದಂತೆ ಬೋರೇಟ್ ಲವಣ ಬೆರೆಸಿರುತ್ತಾರೆ. ಅಲ್ಲಿ ಅದು ಮುಖ್ಯವಾಗಿ ಚಳಿ ತಡೆಯಲು, ನಮ್ಮಲ್ಲಿ ಬೇಕಿರುವುದು ಬಿಸಿಲು ತಡೆಯಲು. ಭೌತಶಾಸ್ತ್ರದ ನಿಯಮ ಎರಡಕ್ಕೂ ಒಂದೇ. ಸಪಾಟು ತಾರಸಿಗೆ ಆ ವಿಧಾನ ಹೊಂದುವುದಿಲ್ಲ, ಆದರೆ ಅದರ ಹಿಂದಿನ ನೀತಿಯಿಂದ ಕಲಿಯಬಹುದು. ತೈಲ ಬಿಕ್ಕಟ್ಟಿನ ನಂತರ, 1976ರಲ್ಲಿ, ಅಲ್ಲಿನ ಸರ್ಕಾರ ಕಡಿಮೆ ಆದಾಯದ ಕುಟುಂಬಗಳ ಮನೆಗಳಿಗೆ ಇಂಥ ಹೊದಿಕೆಯನ್ನು ತನ್ನ ಖರ್ಚಿನಲ್ಲಿ ಮಾಡಿಸಿಕೊಡುವ ಯೋಜನೆ ಆರಂಭಿಸಿತು. ಅದು ಇಂದಿಗೂ ನಡೆಯುತ್ತಿದೆ. ಬಡವರ ಇಂಧನದ ಬಿಲ್ಲಿಗೆ ಪ್ರತಿವರ್ಷ ನೆರವು ಕೊಡುವುದರ ಜೊತೆಗೆ ಬಿಲ್ಲೇ ಇಳಿಯುವಂತೆ ಮನೆಯನ್ನು ಸರಿಪಡಿಸುವುದು ಅದರ ತಿರುಳು.

ನಮ್ಮ ತಾರಸಿಗೆ ಎರಡು ಬಗೆಯ ರಕ್ಷಣೆ ಇದೆ. ಒಂದು, ಬಿಸಿಲನ್ನು ಹಿಂದಕ್ಕೆ ಕಳಿಸುವುದು: ಸುಣ್ಣ, ಬಿಳಿ ಲೇಪನ, ಬಿಳಿ ಟೈಲ್ಸ್. ಇನ್ನೊಂದು, ಹೀರಿದ ಶಾಖ ಕೆಳಗಿಳಿಯದಂತೆ ತಡೆಯುವುದು: ಸ್ಲ್ಯಾಬಿನ ಮೇಲೆ ಗಟ್ಟಿ ಫೋಮ್ ಹಲಗೆ ಹಾಸಿ, ಅದರ ಮೇಲೆ ತೆಳು ಕಾಂಕ್ರೀಟ್ ಇಲ್ಲವೇ ಟೈಲ್ಸ್ ಹಾಕುವುದು. ಮೊದಲನೆಯದರ ಫಲವನ್ನು ನೆರೆಯ ಹೈದರಾಬಾದಿನಲ್ಲೇ ಅಳೆದು ನೋಡಿದ್ದಾರೆ. ಅಲ್ಲಿನ ಐಐಐಟಿ ಮತ್ತು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸಂಶೋಧಕರು ವಾಣಿಜ್ಯ ಕಟ್ಟಡಗಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬರಿಯ ಕಾಂಕ್ರೀಟ್ ತಾರಸಿಗೆ ಬಿಳಿ ಲೇಪನ ಹಚ್ಚಿದಾಗ ಎಸಿಗೆ ತಗಲುವ ವಿದ್ಯುತ್ತು ಶೇ 10ರಿಂದ 19ರಷ್ಟು ಇಳಿಯಿತು. ಎಸಿ ಇಲ್ಲದ ಮನೆಗಳಲ್ಲಿ ಈ ಲಾಭ ಬಿಲ್ಲಿನಲ್ಲಿ ಕಾಣುವುದಿಲ್ಲ, ನಿದ್ದೆಯಲ್ಲಿ ಕಾಣುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿರುವುದೇ ನಮ್ಮ ಧೋರಣೆಯ ದೊಡ್ಡ ಕೊರತೆ. ಎರಡನೆಯ ವಿಧಾನದ ಬಲ ಇನ್ನೂ ಹೆಚ್ಚು. ಒಂದೂವರೆ ಇಂಚಿನ ಒಳ್ಳೆಯ ಫೋಮ್ ಹಲಗೆ ಹಾಸಿದರೆ ಸ್ಲ್ಯಾಬಿನ ಮೂಲಕ ಇಳಿಯುವ ಶಾಖ ಐದರಲ್ಲಿ ಒಂದು ಪಾಲಿಗೆ ತಗ್ಗುತ್ತದೆ.

ಕಾನೂನು ಈ ತಿಳಿವಳಿಕೆಯಿಂದ ದೂರವಿಲ್ಲ, ಆದರೆ ಸಾಮಾನ್ಯರ ಮನೆಬಾಗಿಲಿಗೆ ಬಂದಿಲ್ಲ. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ವಸತಿ ಕಟ್ಟಡಗಳಿಗಾಗಿ ‘ಇಕೊ ನಿವಾಸ್ ಸಂಹಿತಾ’ ರೂಪಿಸಿತು. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಚಾವಣಿಯ ಪ್ರತಿ ಚದರ ಮೀಟರಿನಿಂದ 1.2 ವಾಟ್‌ಗಿಂತ ಹೆಚ್ಚು ಶಾಖ ಸಾಗಬಾರದೆಂದು ಅದು ಮಿತಿ ಹಾಕಿತು. ನಮ್ಮ ಬರಿಯ ಸ್ಲ್ಯಾಬಿನಲ್ಲಿ ಸಾಗುವುದು ಇದರ ಮೂರುಪಟ್ಟು. ಆದರೆ ಆ ಸಂಹಿತೆ ಅನ್ವಯವಾದದ್ದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ತೆಲಂಗಾಣ 2023ರಲ್ಲಿ ತಂಪು ಚಾವಣಿಗಾಗಿಯೇ ನೀತಿ ತಂದು, 2028ರೊಳಗೆ 300 ಚದರ ಕಿಲೋಮೀಟರ್ ಚಾವಣಿಯನ್ನು ತಂಪಾಗಿಸುವ ಗುರಿ ಹಾಕಿಕೊಂಡಿತು. ಸರ್ಕಾರಿ, ವಾಣಿಜ್ಯ ಕಟ್ಟಡಗಳಿಗೆಲ್ಲ ಕಡ್ಡಾಯ ಮಾಡಿತು. ಮನೆಗಳ ವಿಷಯದಲ್ಲಿ ಮಾತ್ರ 600 ಚದರ ಗಜದಿಂದ ಮೇಲೆ. ನಮ್ಮ ಮಧ್ಯಮ ವರ್ಗದವರ 30x40 ನಿವೇಶನ ಬರಿ 111 ಚದರ ಮೀಟರ್. ಅಂದರೆ ಎಸಿ ಕೊಳ್ಳಲು ಶಕ್ತಿಯಿರುವವರ ಮನೆಗೆ ನಿಯಮದ ರಕ್ಷಣೆಯಿದೆ, ಫ್ಯಾನಿನಲ್ಲೇ ಬೇಸಿಗೆ ಕಳೆಯುವವರ ಮನೆಗೆ ಇಲ್ಲ. ಚಿಕ್ಕ ನಿವೇಶನಕ್ಕೆ ನಿಯಮ ಹೇರುವುದು ಕಷ್ಟವೆಂಬ ವಾದವನ್ನು ಕರ್ನಾಟಕ ಆಗಲೇ ಸುಳ್ಳು ಮಾಡಿದೆ. 2009ರಲ್ಲಿ ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾದಾಗ, 30x40 ನಿವೇಶನದಲ್ಲಿ ಹೊಸದಾಗಿ ಕಟ್ಟುವ ಮನೆಯೂ ಅದರ ವ್ಯಾಪ್ತಿಗೆ ಬಂತು. ತಾರಸಿಯ ಮೇಲೆ ಬೀಳುವ ಮಳೆಗೆ ನಿಯಮ ಮಾಡಿದವರು ಅದೇ ತಾರಸಿಯ ಮೇಲೆ ಬೀಳುವ ಬಿಸಿಲಿಗೂ ಮಾಡಬಲ್ಲರು.

ಖರ್ಚಿನ ಮಾತು ಮೊದಲ ಆಕ್ಷೇಪ, ತೂಕದ ಆಕ್ಷೇಪವೂ ಹೌದು. ಸಾಲ ಮಾಡಿ ಮನೆ ಕಟ್ಟುವವರಿಗೆ ಒಂದೊಂದು ಸಾವಿರವೂ ಹೊರೆಯೇ. ಆದರೆ ಹೊಸ ತಾರಸಿಗೆ ನೀರು ಸೋರದಂತೆ ಹೇಗೂ ಒಂದು ಪದರ ಹಾಕಿಸುತ್ತೇವೆ. ಅದೇ ಹೊತ್ತಿನಲ್ಲಿ ಶಾಖನಿರೋಧಕವನ್ನೂ ಸೇರಿಸಿದರೆ ಕೂಲಿ ಎರಡು ಸಲ ಬೀಳುವುದಿಲ್ಲ. ಅಷ್ಟೂ ಆಗದವರಿಗೆ ಸುಣ್ಣವಿದೆ. ಸುಣ್ಣ ಒಂದು ಮಳೆಗಾಲಕ್ಕೆ ಮಾಸುತ್ತದೆ, ಬಿಳಿ ಲೇಪನಕ್ಕೆ ಧೂಳು ಹಿಡಿಯುತ್ತದೆ ಎಂಬುದು ನಿಜ. ಯುಗಾದಿಗೆ ಮುನ್ನ ತೊಳೆದು ಮತ್ತೆ ಬಳಿಯಬೇಕು. ಗೋಡೆಗೆ ಸುಣ್ಣ ಬಳಿಯುತ್ತ ಬಂದ ನಾಡಿಗೆ ಇದು ಹೊಸ ಕೆಲಸವೇನಲ್ಲ. ಚಳಿಗಾಲದಲ್ಲಿ ಮನೆ ಇನ್ನಷ್ಟು ತಣ್ಣಗಾದೀತೆಂಬ ಅಂಜಿಕೆ ಬೀದರ್, ಬೆಂಗಳೂರಿನವರಿಗೆ ಸಹಜ. ಬಿಳಿ ಲೇಪನದಿಂದ ಅಷ್ಟಿಷ್ಟು ಹಾಗಾಗಬಹುದು. ನಿರೋಧಕ ಪದರ ಮಾತ್ರ ಎರಡೂ ಕಡೆಗೆ ಕೆಲಸ ಮಾಡುತ್ತದೆ: ಬೇಸಿಗೆಯ ಬಿಸಿ ಒಳಗೆ ಬರದು, ಚಳಿಗಾಲದ ರಾತ್ರಿ ಒಳಗಿನ ಬಿಸುಪು ಹೊರಗೆ ಹೋಗದು.

ತಾಂತ್ರಿಕ ಆಕ್ಷೇಪಗಳೂ ಇವೆ. ನಿರೋಧಕ ಹಾಕಿದರೆ ರಾತ್ರಿ ತಾರಸಿ ಆಕಾಶಕ್ಕೆ ಶಾಖ ಬಿಟ್ಟು ತಣಿಯುವುದು ತಪ್ಪುತ್ತದೆ ಎನ್ನುತ್ತಾರೆ ಕೆಲವರು. ಇದಕ್ಕೆ ಉತ್ತರ ಪದರ ಎಲ್ಲಿದೆ ಎಂಬುದರಲ್ಲಿದೆ. ಪದರವನ್ನು ಸ್ಲ್ಯಾಬಿನ ಕೆಳಗೆ ಹಾಕಿದರೆ ಸ್ಲ್ಯಾಬು ಎಂದಿನಂತೆ ಕಾಯುತ್ತಲೇ ಇರುತ್ತದೆ. ಮೇಲೆ ಹಾಕಿದರೆ ಅದು ಹಗಲಿನಲ್ಲಿ ಕಾಯುವುದೇ ಕಡಿಮೆ, ರಾತ್ರಿ ಕಿಟಕಿ ತೆರೆದರೆ ತಂಪನ್ನು ಹಿಡಿದಿಟ್ಟು ಮರುದಿನಕ್ಕೆ ಕೊಡುತ್ತದೆ. ಆದ್ದರಿಂದ ಎಲ್ಲಿ ಹಾಕಬೇಕೆಂಬುದನ್ನೂ ನಿಯಮವೇ ಸ್ಪಷ್ಟವಾಗಿ ಹೇಳಬೇಕು. ಥರ್ಮೋಕೋಲ್‌ನಂಥ ಫೋಮುಗಳಿಗೆ ಬೆಂಕಿ ಬೇಗ ಹತ್ತುತ್ತದೆ ಎಂಬ ಆತಂಕ ಸಾಧುವಾದದ್ದೇ. ಅವನ್ನು ಬಯಲಾಗಿ ಬಿಡದೆ ಕಾಂಕ್ರೀಟು ಅಥವಾ ಟೈಲ್ಸಿನ ಅಡಿಯಲ್ಲೇ ಇರಿಸಬೇಕು. ತೇವ, ಗೆದ್ದಲು ಹೆಚ್ಚಿರುವ ಕರಾವಳಿಯ ಹೆಂಚಿನ ಮನೆಗಳಿಗೆ ರದ್ದಿ ಕಾಗದದ ನಾರು ತುಂಬುವುದಕ್ಕಿಂತ, ಹೆಂಚಿನಡಿ ಗಾಳಿಯಾಡಲು ಜಾಗ ಬಿಟ್ಟು ಶಾಖ ಪ್ರತಿಫಲಿಸುವ ಅಲ್ಯೂಮಿನಿಯಂ ಹಾಳೆ ಕಟ್ಟುವುದು ಮೇಲು. ಒಂದೇ ಮದ್ದು ಇಡೀ ರಾಜ್ಯಕ್ಕೆ ಆಗುವುದಿಲ್ಲ. ಹಾಗೆಂದು ಮದ್ದೇ ಬೇಡವೆನ್ನಲಾಗದು.

ಸರ್ಕಾರದ ಬೊಕ್ಕಸಕ್ಕೂ ಇದರಲ್ಲಿ ಹಿತವಿದೆ. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ನೀಡುವ ಗೃಹಜ್ಯೋತಿಗೆ 2023ರಲ್ಲಿ ಚಾಲನೆ ಸಿಕ್ಕಿದ್ದು ಬಿಸಿಲ ನಾಡು ಕಲಬುರಗಿಯಲ್ಲೇ. ಆ ವಿದ್ಯುತ್ತಿನ ಬೆಲೆ ತೆರುವುದು ಸರ್ಕಾರ, ಅಂದರೆ ನಾವೆಲ್ಲ. ದೇಶದ ತಂಪು ಮಾಡುವ ಬೇಡಿಕೆ 2017–18ಕ್ಕೆ ಹೋಲಿಸಿದರೆ 2037–38ರ ಹೊತ್ತಿಗೆ ಎಂಟುಪಟ್ಟು ಆಗಲಿದೆಯೆಂದು ಕೇಂದ್ರದ 2019ರ ತಂಪು ಕಾರ್ಯಯೋಜನೆ ಅಂದಾಜಿಸಿದೆ. ಚಾವಣಿಯನ್ನು ಹಾಗೆಯೇ ಬಿಟ್ಟು ಎಸಿಗಳಿಗೆ ವಿದ್ಯುತ್ ಒದಗಿಸುತ್ತ ಹೋದರೆ ಎಷ್ಟು ಉತ್ಪಾದಿಸಿದರೂ ಸಾಲದು. ಇನ್ನು ಜೀವದ ಲೆಕ್ಕ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದಿನಲ್ಲಿ ವಾಡಿಕೆಗಿಂತ 1,344 ಹೆಚ್ಚು ಸಾವು ಸಂಭವಿಸಿದವು. ಆ ಆಘಾತದಿಂದ ಪಾಠ ಕಲಿತ ನಗರ 2013ರಲ್ಲಿ ಬಿಸಿಗಾಳಿ ಕಾರ್ಯಯೋಜನೆ ರೂಪಿಸಿತು, ಮುಂದೆ ಬಡವರ ಚಾವಣಿಗಳಿಗೆ ಬಿಳಿ ಬಳಿಯುವ ಕೆಲಸಕ್ಕೂ ಕೈಹಾಕಿತು. ಸಾವುಗಳು ಎಚ್ಚರಿಸುವವರೆಗೆ ನಾವು ಕಾಯಬೇಕಿಲ್ಲ.

ಕರ್ನಾಟಕ ಮಾಡಬೇಕಾದದ್ದು ಸ್ಪಷ್ಟವಿದೆ. ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ಕಟ್ಟುವ ಪ್ರತಿ ಮನೆಯ ಅಂದಾಜು ಪಟ್ಟಿಯಲ್ಲೇ ಚಾವಣಿಯ ಹೊದಿಕೆ ಸೇರಲಿ, ಅದಕ್ಕೆ ತಕ್ಕಂತೆ ಸಹಾಯಧನವೂ ಏರಲಿ. ಅಂಗನವಾಡಿ, ಸರ್ಕಾರಿ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ತಾರಸಿಗಳಿಗೆ ಮೊದಲ ಸರದಿ ಸಿಗಲಿ. 30x40 ನಿವೇಶನದ ಮನೆಗಳನ್ನೂ ಒಳಗೊಂಡ ನಿಯಮ ಬರಲಿ, ಕಟ್ಟುವವರಿಗೆ ಸುಣ್ಣದಿಂದ ಫೋಮ್‌ವರೆಗೆ ಆಯ್ಕೆಯಿರಲಿ, ಗಾರೆ ಕೆಲಸದವರಿಗೆ ತರಬೇತಿ ದೊರೆಯಲಿ. ಇಂದು ಹಾಕುವ ಸ್ಲ್ಯಾಬು ಐವತ್ತು ಬೇಸಿಗೆಗಳನ್ನು ಕಾಣುತ್ತದೆ, ಆ ಬೇಸಿಗೆಗಳು ಈಗಿನದಕ್ಕಿಂತ ಬಿಸಿಯಾಗಿರುತ್ತವೆ. ಬಡವರಿಗೆ ಸೂರು ಕೊಟ್ಟೆವೆಂದು ಹೇಳಿಕೊಳ್ಳುವ ಸರ್ಕಾರ, ಆ ಸೂರಿನಡಿ ಮೇ ತಿಂಗಳಲ್ಲೂ ಮಗುವೊಂದು ನೆಮ್ಮದಿಯಾಗಿ ಮಲಗಬಲ್ಲದೇ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು.