ಥ್ಯಾಕರೆಗೆ ಗೊತ್ತಿರಲಿಲ್ಲವೇ?

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಶಾಲೆಗಳಲ್ಲಿ ಕಿತ್ತೂರು ಚೆನ್ನಮ್ಮನ ನಾಟಕ ಎಂದರೆ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯ ಪಾತ್ರಕ್ಕೆ ಹುಡುಗರು ಸಿಗುವುದು ಕಷ್ಟ. ರಟ್ಟಿನ ಟೊಪ್ಪಿಗೆ ಹಾಕಿಕೊಂಡು ಬಂದು, ಎರಡು ಮಾತು ಒದರಿ, ಪಟಾಕಿ ಸಿಡಿದ ಕೂಡಲೇ ಬೀಳಬೇಕು. ಏನಾಯಿತೆಂದು ಪಾಪ, ಅವನಿಗೇ ಗೊತ್ತಿರುವುದಿಲ್ಲ. 1824ರ ಅಕ್ಟೋಬರ್ 23ರಂದು ನಿಜಕ್ಕೂ ಹಾಗೇ ಆಯಿತೇ? ಅಥವಾ ಕಣ್ಣೆದುರಿನ ಮುನ್ಸೂಚನೆಯನ್ನು ಕಂಪನಿ ಸರ್ಕಾರ ಕಡೆಗಣಿಸಿತೇ?

ಪರ: ಕಡೆಗಣಿಸಿತು

ಆ ಸೆಪ್ಟೆಂಬರ್‌ನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡ. ಅವನು ಹುಡುಗನೊಬ್ಬನನ್ನು ದತ್ತಕ ತೆಗೆದುಕೊಂಡ ಪತ್ರ ಧಾರವಾಡ ತಲುಪಿತು. ಕಲೆಕ್ಟರ್ ಥ್ಯಾಕರೆ ಅದರ ಸಹಿಯನ್ನೇ ಅನುಮಾನಿಸಿದ, ದತ್ತಕವನ್ನು ಒಪ್ಪಲಿಲ್ಲ, ಖಜಾನೆಗೆ ಮೊಹರು ಹಾಕಿಸಿ ಕಾವಲು ಇಟ್ಟ. ಸೂತಕದ ಮನೆಯಲ್ಲಿ ತಿಜೋರಿಗೆ ಬೀಗ ಜಡಿದರೆ ಯಾರ ಹೊಟ್ಟೆ ಉರಿಯುವುದಿಲ್ಲ? ರಾಣಿ ಚೆನ್ನಮ್ಮ ಕಮಿಷನರ್ ಚಾಪ್ಲಿನ್‌ವರೆಗೂ ಮೊರೆಯಿಟ್ಟಳು, ಫಲ ಸಿಗಲಿಲ್ಲ. 23ರ ಬೆಳಿಗ್ಗೆ ಕೋಟೆಯ ಬಾಗಿಲೇ ತೆರೆಯಲಿಲ್ಲ. ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಇನ್ನೇನು ಬೇಕಿತ್ತು? ಥ್ಯಾಕರೆ ಗಡುವು ಕೊಟ್ಟು, ಬಾಗಿಲು ಒಡೆಯಲು ಫಿರಂಗಿ ತರಿಸಿದ. ಅಷ್ಟರಲ್ಲಿ ಒಳಗಿನವರೇ ಬಾಗಿಲು ತೆರೆದು ನುಗ್ಗಿ ಬಂದರು. ಥ್ಯಾಕರೆ ಸತ್ತ, ಫಿರಂಗಿ ದಳದ ಅಧಿಕಾರಿಗಳು ಸತ್ತರು, ಅವನ ಸಹಾಯಕರಾದ ಸ್ಟೀವನ್ಸನ್ ಮತ್ತು ಎಲಿಯಟ್ ಸೆರೆಸಿಕ್ಕರು. ಥ್ಯಾಕರೆಗೆ ಗುಂಡು ಹಾರಿಸಿದವನು ಚೆನ್ನಮ್ಮನ ಬಂಟ ಅಮಟೂರು ಬಾಳಪ್ಪ ಎಂದು ಜನ ಇಂದಿಗೂ ಹೇಳುತ್ತಾರೆ. ಸಿಟ್ಟಿದೆ ಎಂದು ಕಂಪನಿಗೆ ಗೊತ್ತಿತ್ತು. ಇಷ್ಟು ಸಣ್ಣ ಸಂಸ್ಥಾನ ತಾನಾಗಿ ಮೇಲೆ ಬಿದ್ದೀತು ಎಂಬುದು ಮಾತ್ರ ಅವರ ತಲೆಗೇ ಹೋಗಲಿಲ್ಲ. ಅದಕ್ಕೆ ಸುದ್ದಿಯ ಕೊರತೆ ಎನ್ನಲಾಗದು, ಸೊಕ್ಕು ಎನ್ನಬೇಕು.

ವಿರೋಧ: ಇದು ಆಮೇಲಿನ ಜಾಣತನ

ಫಲಿತಾಂಶ ತಿಳಿದ ಮೇಲೆ ಎಲ್ಲವೂ ಮುನ್ಸೂಚನೆಯಾಗಿಯೇ ಕಾಣುತ್ತದೆ. 1818ರಲ್ಲಿ ಬೆಳಗಾವಿ ಕೋಟೆಗೆ ಮುತ್ತಿಗೆ ಬಿದ್ದಾಗ ಕಿತ್ತೂರು ಕಂಪನಿಯ ಕಡೆಗೇ ನಿಂತಿತ್ತು. ಆರೇ ವರ್ಷದ ಹಿಂದಿನ ಗೆಳೆಯ, ಈಗಲೂ ಅರ್ಜಿ ಬರೆಯುತ್ತಿದ್ದಾನೆ. ಅರ್ಜಿ ಬರೆಯುವವನು ನಾಳೆ ಕತ್ತಿ ಹಿಡಿಯುತ್ತಾನೆಂದು ಯಾವ ಕಚೇರಿ ಎಣಿಸೀತು? ಫಿರಂಗಿ ತಂದವನನ್ನು ಮೈಮರೆತವನು ಎನ್ನುವುದೂ ಸಲ್ಲದು. ಕಾರ್ಗಿಲ್ ನೆನಪಿಸಿಕೊಳ್ಳಿ: 1999ರ ಫೆಬ್ರುವರಿಯಲ್ಲಿ ಪ್ರಧಾನಿ ವಾಜಪೇಯಿ ಬಸ್ಸಿನಲ್ಲಿ ಲಾಹೋರಿಗೆ ಹೋಗಿ ಘೋಷಣೆಗೆ ಸಹಿ ಹಾಕಿ ಬಂದರು. ಮೇ ತಿಂಗಳಲ್ಲಿ ಬಟಾಲಿಕ್ ಬೆಟ್ಟದಲ್ಲಿ ಅಪರಿಚಿತರನ್ನು ಕಂಡದ್ದು ಕುರಿ ಕಾಯುವವನು. ಆಮೇಲೆ ಕೆ. ಸುಬ್ರಹ್ಮಣ್ಯಂ ಸಮಿತಿ ಕೂತು ವಿಚಾರಿಸಬೇಕಾಯಿತು. ಬೇಹುಗಾರಿಕೆ ವಿಭಾಗಗಳೇ ಇದ್ದ ಕಾಲದಲ್ಲೂ ಹೀಗಾದರೆ, ಕುದುರೆ ಮೇಲೆ ಟಪಾಲು ಹೋಗುತ್ತಿದ್ದ ಕಾಲದ ಥ್ಯಾಕರೆಯನ್ನೇ ಏಕೆ ಬೈಯಬೇಕು?

ಕೊನೆಯ ಈ ವಾದ ಚೆನ್ನಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ಕಾರ್ಗಿಲ್‌ನಲ್ಲಿ ಎದುರಾಳಿ ಹಿಮದಲ್ಲಿ ಅಡಗಿದ್ದ. ಕಿತ್ತೂರಿನವರು ಅಡಗಲಿಲ್ಲ, ಹಗಲಿನಲ್ಲೇ ಬಾಗಿಲು ಮುಚ್ಚಿ ಕೂತಿದ್ದರು. ಕಂಪನಿ ಪಾಠ ಕಲಿಯಿತು ಎನ್ನುವಂತೆಯೂ ಇಲ್ಲ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿದರು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಹತ್ತು ವರ್ಷದ ಮೇಲೆ, 1839ರಲ್ಲಿ, ನಿಪ್ಪಾಣಿಯ ದೇಸಾಯಿ ಕಣ್ಣು ಮುಚ್ಚಿದಾಗ ಅವನ ಜಹಗೀರೂ ವಾರಸಿಲ್ಲವೆಂದು ಕಂಪನಿಯ ಪಾಲಾಯಿತು.