ಈಟನ್ನಿನ ಸರದಾರರೂ ಕಲ್ಯಾಣದ ಮಕ್ಕಳೂ

ಒಂದು ವಿದ್ಯಾಶಾಲೆಯ ಹಿರಿಮೆಯನ್ನು ಅದರ ಕಟ್ಟಡದ ಎತ್ತರದಿಂದಲೂ ಬೋಧಕರ ಪದವಿಗಳಿಂದಲೂ ಅಳೆಯುವುದು ಲೋಕರೂಢಿಯಾಗಿದೆ. ಈ ಅಳತೆಗೋಲು ಸಾಲದೆಂಬುದು ನಮ್ಮ ಅಭಿಪ್ರಾಯ. ಶಾಲೆಯ ಹೊಸ್ತಿಲನ್ನು ದಾಟಿ ಹೊರಬಂದ ವಿದ್ಯಾರ್ಥಿಯು ಮುಂದೆ ತನ್ನ ಆಯುಷ್ಯವನ್ನು ಯಾರಿಗಾಗಿ ಸವೆಸಿದನು, ಯಾವ ನೆಲದ ಋಣವನ್ನು ತೀರಿಸಿದನು ಎಂಬುದೇ ಶಾಲೆಯ ನಿಜವಾದ ಪರೀಕ್ಷೆ. ಈ ಪರೀಕ್ಷೆಯನ್ನು ನಾವು ಇಂದು ಇಂಗ್ಲಂಡದ ಒಂದು ಹಳೆಯ ಶಾಲೆಗೂ, ಅದರ ಮಾದರಿಯಲ್ಲಿ ನಮ್ಮ ನೆರೆಯಲ್ಲಿ ಎದ್ದ ಇನ್ನೊಂದು ಶಾಲೆಗೂ, ಕೊನೆಗೆ ಬಸವಕಲ್ಯಾಣ ಹುಮನಾಬಾದಗಳ ನಮ್ಮ ಸ್ವಂತ ಶಾಲೆಗಳಿಗೂ ಹಚ್ಚಿ ನೋಡಬಯಸುತ್ತೇವೆ. ಕನ್ನಡ ಪತ್ರಿಕೆಗೆ ವಿಲಾಯತಿಯ ಶಾಲೆಯ ಗೊಡವೆಯೇಕೆಂದು ವಾಚಕರು ಕೇಳಬಹುದು. ಕನ್ನಡ ನಾಡನ್ನು ಹೋಳುಗಳಾಗಿ ನಿಲ್ಲಿಸಿದ ಕೈಗಳಲ್ಲಿ ಕೆಲವು ಪಳಗಿದ್ದು ಆ ಶಾಲೆಯಲ್ಲಿಯೇ ಎಂಬುದು ನಮ್ಮ ಉತ್ತರ.

ಆ ಶಾಲೆಯ ಹೆಸರು ಈಟನ್. ಥೇಮ್ಸ್ ನದಿಯ ದಂಡೆಯಲ್ಲಿ, ವಿಂಡ್ಸರ್ ಕೋಟೆಯ ಎದುರಿಗೆ, 1440ರಲ್ಲಿ ಆರನೆಯ ಹೆನ್ರಿ ಅರಸನು ಅದನ್ನು ಸ್ಥಾಪಿಸಿದನು. ಬಡವರ ಮಕ್ಕಳು 70 ಜನ ಧರ್ಮಾರ್ಥವಾಗಿ ಕಲಿಯಲೆಂಬುದು ಅವನ ಸಂಕಲ್ಪ. ಕಾಲಕ್ರಮದಲ್ಲಿ ಬಡವರಿಗಾಗಿ ಕಟ್ಟಿದ ಮನೆಯಲ್ಲಿ ಶ್ರೀಮಂತರು ಸೇರಿಕೊಂಡರು. ಪ್ರಭುಗಳ, ಜಮೀನುದಾರರ, ಮಂತ್ರಿಗಳ ಮಕ್ಕಳಿಗೆ ಅದು ತವರಾಯಿತು. ಬ್ರಿಟನ್ನಿನ ಪ್ರಧಾನಮಂತ್ರಿಗಳಲ್ಲಿ 20 ಜನರು ಆ ಒಂದೇ ಶಾಲೆಯಲ್ಲಿ ಕಲಿತವರೆಂದರೆ, ಅದರ ಪ್ರಭಾವವನ್ನು ಬೇರೆ ಬಣ್ಣಿಸಬೇಕಾಗಿಲ್ಲ.

ಅಂಥ ವಿದ್ಯಾರ್ಥಿಗಳಲ್ಲಿ ರಿಚರ್ಡ್ ವೆಲ್ಲೆಸ್ಲಿಯು ಒಬ್ಬನು. ಐರ್ಲಂಡದ ಸರದಾರ ಮನೆತನದಲ್ಲಿ 1760ರಲ್ಲಿ ಹುಟ್ಟಿ, ಈಟನ್ನಿನಲ್ಲಿ ಲ್ಯಾಟಿನ್ ಗ್ರೀಕ್ ಭಾಷೆಗಳಲ್ಲಿ ಜಾಣನೆನಿಸಿ, 1798ರಲ್ಲಿ ಗವರ್ನರ್ ಜನರಲ್ಲನಾಗಿ ಹಿಂದುಸ್ಥಾನಕ್ಕೆ ಬಂದನು. ಬಂದ ವರ್ಷವೇ ಹೈದರಾಬಾದಿನ ನಿಜಾಮನನ್ನು ಸೈನ್ಯಸಹಾಯದ ಕರಾರಿನಲ್ಲಿ ಕಟ್ಟಿಹಾಕಿದನು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟೀಪುವಿನ ರಾಜ್ಯ ಹಂಚಿಕೆಯಾಯಿತು. ಕನ್ನಡ ಕರಾವಳಿ ಕಂಪನಿಯ ಪಾಲಾಯಿತು. ಮರುವರ್ಷ, 1800ರಲ್ಲಿ, ಇನ್ನೊಂದು ಕರಾರಿನ ಮೂಲಕ ಸೈನ್ಯದ ಖರ್ಚಿಗೆಂದು ನಿಜಾಮನು ಬಳ್ಳಾರಿ, ಅನಂತಪುರ, ಕಡಪೆಗಳ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟನು. ಬಳ್ಳಾರಿಯು ಮದ್ರಾಸಿನ ಕಡೆಗೆ ಹೋಯಿತು. ಕಲ್ಯಾಣ, ಕಲಬುರ್ಗಿ, ರಾಯಚೂರುಗಳು ನಿಜಾಮನ ಕಡೆಯಲ್ಲಿಯೇ ಉಳಿದವು. ನಮ್ಮ ನಾಡು ಅದಕ್ಕೆ ಮೊದಲೇ ಒಡೆದಿತ್ತೆಂಬುದು ಸತ್ಯ. ಆದರೆ ಅಂದು ರಾಜರ ಕದನದಿಂದ ಬದಲಾಗುತ್ತಿದ್ದ ಎಲ್ಲೆಗಳು ಈ ಕರಾರುಗಳಿಂದ ಗಾರೆ ಹಾಕಿದಂತೆ ಗಟ್ಟಿಯಾದವು.

ಅವನ ತಮ್ಮ ಆರ್ಥರನೂ ಈಟನ್ನಿನವನೇ. ಆದರೆ ಅಲ್ಲಿ ಓದಿನಲ್ಲಿ ಹಿಂದೆ ಬಿದ್ದವನು. ಶ್ರೀರಂಗಪಟ್ಟಣದ ದಂಡಯಾತ್ರೆಯಲ್ಲಿ ನಿಜಾಮನ ಸೈನ್ಯದ ನಾಯಕತ್ವ ಅವನದಾಗಿತ್ತು. 1800ರ ಸಪ್ಟಂಬರಿನಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಕೋಣಗಲ್ಲಿನ ಹತ್ತಿರ ಕೊಂದವನೂ ಅವನೇ. ಸತ್ತ ವೈರಿಯ ಚಿಕ್ಕ ಮಗನನ್ನು ಬೀದಿಪಾಲು ಮಾಡದೆ ಅವನ ಪೋಷಣೆಗೆ ಏರ್ಪಾಡು ಮಾಡಿದನೆಂಬುದನ್ನೂ ನಾವು ಮರೆಯಕೂಡದು. ಮುಂದೆ ವೆಲ್ಲಿಂಗ್ಟನ್ನಿನ ಡ್ಯೂಕನೆಂದು ಪ್ರಸಿದ್ಧನಾದ ಇವನು, ವಾಟರ್ಲೂ ಯುದ್ಧವನ್ನು ಈಟನ್ನಿನ ಆಟದ ಬಯಲುಗಳಲ್ಲಿ ಗೆದ್ದೆವೆಂದು ಹೇಳಿದನೆಂಬ ಮಾತು ಬಹಳ ಪ್ರಚಾರದಲ್ಲಿದೆ. ಅವನು ಹಾಗೆ ಹೇಳಿದ್ದಕ್ಕೆ ಆಧಾರವಿಲ್ಲ. ಆದರೂ ಅಂಥ ಮಾತು ಹುಟ್ಟಿ ಬೆಳೆಯಿತೆಂಬುದೇ ಆ ಶಾಲೆಯ ಮೇಲೆ ಆ ಜನರಿಟ್ಟ ಅಭಿಮಾನಕ್ಕೆ ಸಾಕ್ಷಿ.

ಅರುವತ್ತು ವರ್ಷಗಳ ಬಳಿಕ ಈಟನ್ನಿನ ಇನ್ನೊಬ್ಬ ವಿದ್ಯಾರ್ಥಿಯಾದ ಕ್ಯಾನಿಂಗ್ ಪ್ರಭುವಿನ ಕಾಲದಲ್ಲಿ ಕನ್ನಡ ಸೀಮೆಯ ಮೇಲೆ ಮತ್ತೊಂದು ವ್ಯವಹಾರ ನಡೆಯಿತು. ಸಾಲದ ಲೆಕ್ಕದಲ್ಲಿ 1853ರಲ್ಲಿ ಡಾಲ್‌ಹೌಸಿಯು ನಿಜಾಮನಿಂದ ಕಸಿದುಕೊಂಡಿದ್ದ ರಾಯಚೂರು ದೋಆಬು 1860ರಲ್ಲಿ ನಿಜಾಮನಿಗೆ ಮರಳಿ ದೊರೆಯಿತು. ಅದರೊಡನೆ, ಇಂಗ್ಲೀಷರ ಮೇಲೆ ಕತ್ತಿ ಹಿರಿದ ವೆಂಕಟಪ್ಪ ನಾಯಕನ ಸುರಪುರವೂ, 1857-58ರಲ್ಲಿ ತಮ್ಮ ಪಕ್ಷವನ್ನು ಬಿಡದಿದ್ದುದಕ್ಕೆ ಬಹುಮಾನವಾಗಿ, ನಿಜಾಮನ ಉಡಿಗೆ ಬಿದ್ದಿತು. ಸುರಪುರದ ಪ್ರಜೆಗಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮಂದೆಯ ಕುರಿಗಳನ್ನು ಎಣಿಸಿ ಕೊಡುವಂತೆ ಊರುಗಳನ್ನು ಎಣಿಸಿ ಕೊಟ್ಟರು. ಬಂಗಾಲವನ್ನು 1905ರಲ್ಲಿ ಸೀಳಿದ ಕರ್ಜನನೂ ಅದೇ ಶಾಲೆಯ ಮಗನೆಂಬುದನ್ನು ವಾಚಕರು ಬಲ್ಲರು. ಆ ಸೀಳುವಿಕೆಯನ್ನು 1911ರಲ್ಲಿ ಹಿಂದೆಗೆದುಕೊಳ್ಳಬೇಕಾಯಿತು. ಅಲ್ಲಿಯ ಜನರ ಭಾಷಾಭಿಮಾನವು ಗೆದ್ದ ಆ ಉದಾಹರಣೆಯು ನಮ್ಮ ಏಕೀಕರಣದ ಹಿರಿಯರಿಗೂ ಧೈರ್ಯ ತಂದಿತು.

ಇಷ್ಟನ್ನು ಹೇಳಿ ಆ ಸರದಾರರನ್ನು ಬರಿದೆ ನಿಂದಿಸಿ ಕೈತೊಳೆದುಕೊಳ್ಳುವುದು ನಮ್ಮ ಉದ್ದೇಶವಲ್ಲ. ಅವರಿಂದ ನಮಗೆ ಹಾನಿಯಾಯಿತು. ಆದರೆ ಅವರು ತಮ್ಮ ನಾಡಿಗೆ ದ್ರೋಹ ಬಗೆದವರಲ್ಲ. ಜಗತ್ತಿನ ಯಾವ ಮೂಲೆಗೆ ಹೋದರೂ ತಾವು ಯಾರವರೆಂಬುದನ್ನು ಅವರು ಮರೆಯಲಿಲ್ಲ. ವೆಲ್ಲೆಸ್ಲಿಯು 1842ರಲ್ಲಿ ತೀರಿಕೊಂಡಾಗ ಅವನ ದೇಹವನ್ನು ಈಟನ್ನಿನ ಪ್ರಾರ್ಥನಾಮಂದಿರದಲ್ಲಿಯೇ ಹೂಳಿದರು. ಅಷ್ಟೊಂದು ದೇಶಗಳನ್ನು ಆಳಿದವನು ಕೊನೆಗೆ ತನ್ನ ಶಾಲೆಗೆ ಮರಳಿದನು. 1914ರ ಮಹಾಯುದ್ಧದಲ್ಲಿ ಆ ಶಾಲೆಯ ಹಳೆಯ ವಿದ್ಯಾರ್ಥಿಗಳು ಸಾವಿರದ ನೂರಕ್ಕೂ ಮಿಕ್ಕಿ ಪ್ರಾಣ ಕೊಟ್ಟರು. ಲ್ಯಾಟಿನ್ ಕಲಿತರೂ ಅವರು ಇಂಗ್ಲೀಷರಾಗಿಯೇ ಉಳಿದರು. ಪರೀಕ್ಷೆಯ ಈ ಭಾಗದಲ್ಲಿ ಅವರಿಗೆ ಗುಣಗಳನ್ನು ಕೊಡಲೇಬೇಕು.

ಇನ್ನು ಅದರ ಪಡಿಯಚ್ಚನ್ನು ನೋಡುವಾ. ಹಿಂದುಸ್ಥಾನದ ರಾಜರ, ಸರದಾರರ ಮಕ್ಕಳಿಗೂ ಒಂದು ಈಟನ್ ಬೇಕೆಂಬ ಮಾತು 1869ರಲ್ಲಿಯೇ ಒಬ್ಬ ಇಂಗ್ಲೀಷ ಅಧಿಕಾರಿಯ ವರದಿಯಲ್ಲಿ ಬಂದಿತು. ರಾಜಕೋಟೆಯಲ್ಲಿ 1870ರಲ್ಲಿ ರಾಜಕುಮಾರ ಕಾಲೇಜೂ, ಅಜಮೇರದಲ್ಲಿ 1875ರಲ್ಲಿ ಮೇಯೋ ಕಾಲೇಜೂ ಎದ್ದವು. ಹೈದರಾಬಾದಿನಲ್ಲಿ ಮೊದಲನೆಯ ಸಾಲಾರ ಜಂಗನ ಕಾಲದಲ್ಲಿ ಉಮರಾವರ ಮಕ್ಕಳಿಗಾಗಿ ಮದರಸಾ-ಇ-ಆಲಿಯಾ ಹುಟ್ಟಿತು. 1923ರಲ್ಲಿ ಬೇಗಂಪೇಟೆಯಲ್ಲಿ ಜಾಗೀರದಾರರ ಮಕ್ಕಳಿಗೆಂದೇ ಜಾಗೀರದಾರ ಕಾಲೇಜು ಸ್ಥಾಪಿತವಾಯಿತು. ವಿಶಾಲವಾದ ಬಯಲು, ಕ್ರಿಕೆಟ್ಟು, ಕುದುರೆ ಸವಾರಿ, ವಿಲಾಯತಿ ಶಿಸ್ತು, ಯಾವುದಕ್ಕೂ ಕೊರತೆಯಿರಲಿಲ್ಲ.

ಈ ವೈಭವಕ್ಕೆ ಹಣವೆಲ್ಲಿಯದು? ಇಲ್ಲಿ ನಮ್ಮ ಊರುಗಳ ಹೆಸರು ಬರುತ್ತದೆ. ಹೈದರಾಬಾದು ಸಂಸ್ಥಾನದ ನೆಲದಲ್ಲಿ ಸುಮಾರು ಮೂರನೆಯ ಒಂದು ಪಾಲು ಜಾಗೀರುಗಳ ಕೈಯಲ್ಲಿತ್ತು. ಚಾಲುಕ್ಯ ಸೋಮೇಶ್ವರನು ರಾಜಧಾನಿಯನ್ನಾಗಿ ಮಾಡಿದ, ಆರನೆಯ ವಿಕ್ರಮಾದಿತ್ಯನು 1076ರಿಂದ 1126ರ ವರೆಗೆ ಆಳಿದ, ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದ ಕಲ್ಯಾಣವು ಒಬ್ಬ ನವಾಬರ ಜಾಗೀರಿನ ಕಸಬೆಯಾಗಿ ಕುಗ್ಗಿತ್ತು. ವೀರಭದ್ರೇಶ್ವರನ ಹುಮನಾಬಾದವು ಪಾಯಿಗಾ ಅಮೀರರ ಚಿಟಗುಪ್ಪಾ ತಾಲೂಕಿಗೆ ಸೇರಿತ್ತು. ಜೋಳ, ತೊಗರಿಗಳನ್ನು ಬೆಳೆದ ರೈತನು ಇಲ್ಲಿ. ಅವನ ಹುಟ್ಟುವಳಿಯನ್ನು ಉಣ್ಣುವ ದೇವಡಿಗಳು ಹೈದರಾಬಾದಿನಲ್ಲಿ. ಪಾಯಿಗಾ ಮನೆತನದ ಸರ್ ವಿಕಾರ-ಉಲ್-ಉಮರಾ 1884ರಲ್ಲಿ ಕಟ್ಟಲಾರಂಭಿಸಿದ ಫಲಕ್‌ನುಮಾ ಅರಮನೆಯನ್ನು ಇಂದಿಗೂ ಜನರು ಬೆರಗಾಗಿ ನೋಡುತ್ತಾರೆ. ಅಂಥ ಒಂದು ಅರಮನೆಯೆತ್ತರದ ಶಾಲೆ ಆ ಕಾಲದಲ್ಲಿ ಪಾಯಿಗಾ ಹಳ್ಳಿಗಳಲ್ಲಿ ಎಲ್ಲಿಯೂ ಏಳಲಿಲ್ಲ.

ಹೀಗೆ ಜಾಗೀರದಾರನ ಮಗನಿಗೆ ಶಾಲೆಯಲ್ಲಿ ಇಂಗ್ಲೀಷು, ದರಬಾರಿನಲ್ಲಿ ಉರ್ದು. ಅವನಿಗೆ ಕಂದಾಯ ಕೊಡುವ ರೈತನ ಬಾಯಲ್ಲಿ ಕನ್ನಡ. ಅರ್ಜಿಯನ್ನು ಬರೆದುಕೊಡುವ ಮುನ್ಶಿಯಿಲ್ಲದೆ ಒಡೆಯನಿಗೂ ಒಕ್ಕಲಿಗೂ ಮಾತಿರಲಿಲ್ಲ. ಇದು ಹಿಂದೂ ಮುಸಲ್ಮಾನ ಎಂಬ ಪ್ರಶ್ನೆಯಲ್ಲ. ಉರ್ದುವು ನಮ್ಮ ನೆರೆಯವರ ತಾಯ್ನುಡಿ. ಅದರ ಮೇಲೆ ನಮಗೆ ದ್ವೇಷವಿಲ್ಲ. ಹಿಂದೂ ಜಾಗೀರದಾರರೂ ಇದೇ ಹಾದಿಯನ್ನು ತುಳಿದರು. ಈಟನ್ನಿನ ಅಂಗಿಯನ್ನೂ ಆಟವನ್ನೂ ತಂದವರು, ತನ್ನ ಜನರೊಡನೆ ಒಂದೇ ಭಾಷೆಯಲ್ಲಿ ಬಾಳುವ ಆ ಗುಣವನ್ನು ಮಾತ್ರ ಹಡಗಿನಲ್ಲಿಯೇ ಬಿಟ್ಟುಬಂದರೆಂಬುದೇ ನಮ್ಮ ಆಕ್ಷೇಪ. ಪರೀಕ್ಷೆಯಲ್ಲಿ ಪಡಿಯಚ್ಚು ತಪ್ಪಿಹೋಯಿತು.

ಅದೇ ಕಾಲದಲ್ಲಿ ನೆರೆಯ ಭಾಲ್ಕಿಯಲ್ಲಿ ಬೇರೊಂದು ಬಗೆಯ ಶಾಲೆ ನಡೆಯುತ್ತಿತ್ತು. ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆಯನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಖಾಸಗಿ ಶಾಲೆಗೆ ನಿಜಾಮ ಸರಕಾರದ ಅನುಮತಿ ಬೇಕಾಗಿದ್ದ ದಿನಗಳವು. ಅಲ್ಲಿ ಕಲಿತವರು ಪ್ರಭುಗಳ ಮಕ್ಕಳಲ್ಲ. ಹೊಲದಿಂದ, ಹಟ್ಟಿಯಿಂದ ಬಂದವರು. 1999ರಲ್ಲಿ ಲಿಂಗೈಕ್ಯರಾದ ಆ ಪೂಜ್ಯರು ಬಸವಕಲ್ಯಾಣದಲ್ಲಿ ಅನುಭವ ಮಂಟಪದ ಕಟ್ಟಡಕ್ಕಾಗಿಯೂ ಬೆವರು ಸುರಿಸಿದರು. ಬೀದರ ಸೀಮೆಯಲ್ಲಿ ಕನ್ನಡವು ಉಸಿರು ಹಿಡಿದು ಉಳಿದುದು ಇಂಥ ಶಾಲೆಗಳಿಂದ, ಬೇಗಂಪೇಟೆಯಿಂದಲ್ಲ.

1948ರ ಸಪ್ಟಂಬರಿನಲ್ಲಿ ನಿಜಾಮಶಾಹಿಯು ಮುಗಿಯಿತು. 1949ರಲ್ಲಿ ಜಾಗೀರುಗಳು ರದ್ದಾದವು. ಜಾಗೀರದಾರ ಕಾಲೇಜು ತರುವಾಯ ಹೈದರಾಬಾದ ಪಬ್ಲಿಕ್ ಸ್ಕೂಲಾಗಿ ಎಲ್ಲರಿಗೂ ಬಾಗಿಲು ತೆರೆಯಿತು. 1956ರ ನವಂಬರ 1ರಂದು ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಕನ್ನಡ ತಾಯಿಯ ಮಡಿಲಿಗೆ ಬಂದವು. 371(ಜೆ) ಎಂಬ ವಿಶೇಷ ಕಲಮಿಗಾಗಿ ಸಂಸತ್ತು 2012ರಲ್ಲಿ ಸಂವಿಧಾನವನ್ನು ತಿದ್ದಿತು. ಅದರ ಮೇರೆಗೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದೆಡೆಗಳಲ್ಲಿ ನೂರಕ್ಕೆ 8 ಸ್ಥಾನಗಳು ನಮ್ಮ ಮಕ್ಕಳಿಗೆ ಮೀಸಲಾದವು. 2019ರಲ್ಲಿ ಪ್ರಾಂತಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರೂ ಬಂದಿತು; 2021ರಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲನ್ನೂ ಇಟ್ಟರು. ನಕಾಶೆಯ ಮೇಲಿನ ಏಕೀಕರಣ ಸಂಪೂರ್ಣವಾಯಿತು.

ಹಾಗಾದರೆ ನಮ್ಮ ಸ್ವಂತ ಪರೀಕ್ಷೆಯ ಫಲವೇನು? 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 75 ಜನ ಅಕ್ಷರಸ್ಥರಿದ್ದರೆ ಬೀದರ ಜಿಲ್ಲೆಯಲ್ಲಿ ಸುಮಾರು 70, ಯಾದಗಿರಿಯಲ್ಲಿ ಸುಮಾರು 52. ಇದಕ್ಕೆ ಸರಕಾರವನ್ನೊಂದನ್ನೇ ದೂರಿ ನಾವು ಪಾರಾಗಲಾರೆವು. ಇಂದು ಹುಮನಾಬಾದದ ಹೆದ್ದಾರಿಯಲ್ಲಿ ನಿಂತು ಹೈದರಾಬಾದಿನ ಕಡೆಗೆ ಹೋಗುವ ಬಸ್ಸುಗಳನ್ನು ನೋಡಿರಿ. ಅವುಗಳಲ್ಲಿ ಪೆಟ್ಟಿಗೆ ಹಾಸಿಗೆಗಳೊಡನೆ ಕುಳಿತ ಹುಡುಗರಿದ್ದಾರೆ. ಅವರು ನವಾಬರ ಮಕ್ಕಳಲ್ಲ. ನಮ್ಮ ವಕೀಲರ, ವ್ಯಾಪಾರಿಗಳ, ಹೇಳುವುದಕ್ಕೆ ಸಂಕೋಚವಾದರೂ, ನಮ್ಮ ಮಾಸ್ತರರ ಮಕ್ಕಳು. ಅವರು ಹೋಗಬಾರದೆಂದು ನಾವೆನ್ನುವುದಿಲ್ಲ. ಇಂಗ್ಲೀಷು ಕಲಿಯಲಿ, ಸಮುದ್ರ ದಾಟಲಿ, ಕೀರ್ತಿ ಗಳಿಸಲಿ. ಆದರೆ ಊರಿನ ಶಾಲೆಯ ಸೋರುವ ಮಾಡು ಅವರಿಗೆ ಮತ್ತೆ ಕಾಣುವುದಿಲ್ಲ. ಅಜ್ಜಿಗೆ ಎರಡು ಸಾಲಿನ ಕಾಗದವನ್ನು ಕನ್ನಡದಲ್ಲಿ ಬರೆಯಲು ಬರುವುದಿಲ್ಲ. ಜಾಗೀರುಗಳು ಕಾಯದೆಯಿಂದ ಅಳಿದವು. ಹಳ್ಳಿಯ ಬೆವರಿನಲ್ಲಿ ಕಲಿತು ಹಳ್ಳಿಯನ್ನು ಮರೆಯುವ ಚಾಳಿ ಮಾತ್ರ ನಮ್ಮ ಮನೆಗಳಿಗೇ ವಾರಸಾಗಿ ಬಂದಿತು.

ಆದಕಾರಣ ಕಲ್ಯಾಣ, ಹುಮನಾಬಾದಗಳ ಶಿಕ್ಷಕ ಬಂಧುಗಳಲ್ಲಿ ನಮ್ಮದೊಂದು ವಿನಂತಿಯುಂಟು. ಈಟನ್ನಿನವರು ತಮ್ಮಲ್ಲಿ ಕಲಿತವರ ಪಟ್ಟಿಗಳನ್ನೂ ವೃತ್ತಾಂತಗಳನ್ನೂ ಬಹು ಎಚ್ಚರದಿಂದ ಕಾಯ್ದುಕೊಂಡು ಅಚ್ಚು ಹಾಕಿಸಿರುವರು. ನಿಮ್ಮ ಶಾಲೆಯ ಕಪಾಟಿನಲ್ಲಿಯೂ ದಾಖಲಾತಿಯ ಹಳೆಯ ಪುಸ್ತಕಗಳಿವೆ. ಅವುಗಳ ಧೂಳು ಕೊಡವಿರಿ. ಪ್ರತಿಯೊಂದು ಹೆಸರಿನ ಮುಂದೆ, ಈ ಹುಡುಗನು ಮುಂದೆ ಏನಾದನು, ಈ ಹುಡುಗಿಯು ಎಲ್ಲಿರುವಳು, ಊರಿಗೆ ಏನು ಮಾಡಿದರು ಎಂಬುದನ್ನು ಬರೆದಿಡಿರಿ. ಹೊಲ ಉಳುವವನ ಹೆಸರನ್ನೂ, ಬಸ್ಸು ನಡೆಸುವವನ ಹೆಸರನ್ನೂ ಬಿಡದಿರಿ. ವರ್ಷಕ್ಕೊಮ್ಮೆ ಅವರನ್ನೆಲ್ಲ ಶಾಲೆಗೆ ಕರೆಯಿರಿ. ದೂರದಲ್ಲಿರುವವರಿಗೆ ಕನ್ನಡದಲ್ಲಿ ಕಾಗದ ಬರೆಯಿರಿ. ದೊಡ್ಡ ಸಂಬಳದವನು ಒಂದು ಕೋಣೆಯನ್ನು ಕಟ್ಟಿಸಲಿ, ಗವಂಡಿಯಾದವನು ಒಂದು ಗೋಡೆಯನ್ನು ದುರಸ್ತಿ ಮಾಡಲಿ, ಏನೂ ಇಲ್ಲದವನು ಒಂದು ದಿನ ಬಂದು ಮಕ್ಕಳಿಗೆ ತನ್ನ ಕಸಬನ್ನು ತಿಳಿಸಲಿ.

ಇದು ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಒಂದು ವಿದ್ಯಾಶಾಲೆಯಿತ್ತು. ಅಲ್ಲಿ ಮಂತ್ರಿಯಾದ ಬಸವಣ್ಣನೊಡನೆ ಮಡಿವಾಳ ಮಾಚಯ್ಯನೂ ಅಂಬಿಗರ ಚೌಡಯ್ಯನೂ ಸಮಸಮನಾಗಿ ಕುಳಿತರು. ಅವರಲ್ಲಿ ಒಬ್ಬೊಬ್ಬರ ಕಸಬು ಅವರ ಹೆಸರಿನಲ್ಲಿಯೇ ಸೇರಿದೆ. ಅವರು ಆಡಿದುದು ನಮ್ಮ ಕನ್ನಡವನ್ನು. ಕಲ್ಯಾಣದ ನವಾಬರಲ್ಲಿ ಎಷ್ಟು ಜನರ ಹೆಸರನ್ನು ಇಂದು ಊರವರು ಬಲ್ಲರು? ಅಗಸನ, ಅಂಬಿಗನ ಹೆಸರನ್ನು ಎಂಟುನೂರು ವರ್ಷಗಳ ಮೇಲೆಯೂ ಮಕ್ಕಳು ಹೇಳುತ್ತಾರೆ. ನಮ್ಮ ಶಾಲೆಗಳು ಯಾವ ಪಟ್ಟಿಯಲ್ಲಿ ತಮ್ಮ ಮಕ್ಕಳ ಹೆಸರನ್ನು ಸೇರಿಸಬಯಸುತ್ತವೆಂಬುದನ್ನು ಶಿಕ್ಷಕರೂ ತಾಯಿತಂದೆಗಳೂ ಈ ವರ್ಷವೇ ತೀರ್ಮಾನಿಸಲೆಂದು ಕೋರಿ ನಾವು ವಿರಮಿಸುತ್ತೇವೆ.